ತಲೆಯ ಆಯ್ಕೆ

ತಾಳೆಗರಿಯ ಗ್ರಂಥಗಳನ್ನು ಓದುತ್ತ, ಪಾಠಾಂತರಗಳನ್ನು ಗುರುತಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದವನೊಬ್ಬನು ಮೋಟಾರು ಎಂಜಿನ್ನಿನ ವಿಷಯವಾಗಿ ಬರೆಯಹೊರಟರೆ ಈ ಪತ್ರಿಕೆಯ ವಾಚಕರು ಹುಬ್ಬೇರಿಸುವುದು ಸಹಜ. ಮಠದ ಪಾಠಶಾಲೆಯಲ್ಲಿ ನಮಗೆ ವ್ಯಾಕರಣ, ತರ್ಕ, ಛಂದಸ್ಸುಗಳನ್ನು ಕಲಿಸಿದರು; ಎಂಜಿನ್ನನ್ನು ಕಲಿಸಲಿಲ್ಲ. ಆದರೆ ಸಂಸಾರದಲ್ಲಿ ಹಿರಿಯನೆನಿಸಿಕೊಂಡವನ ಮುಂದೆ ಯಾವ ಪ್ರಶ್ನೆ ಎಂದು ಬಂದು ನಿಲ್ಲುವುದೋ ಹೇಳಬರುವುದಿಲ್ಲ. ನನ್ನ ಮುಂದೆ ಬಂದು ನಿಂತ ಪ್ರಶ್ನೆ ಇದು: ಮೂರು ಸಿಲಿಂಡರ್ ಹೆಡ್ಡುಗಳಿವೆ; ಯಾವುದನ್ನು ಕೊಳ್ಳಬೇಕು?

ಕೊಳ್ಳಬೇಕಾದ ಹಣ ನನ್ನದಲ್ಲ. ನಮ್ಮ ನಾಗಲಮಡಿಕೆ ಹೋಬಳಿಯ ತಿರುಮಣಿಯ ಸುತ್ತಮುತ್ತ ಹದಿಮೂರು ಸಾವಿರ ಎಕರೆಯಷ್ಟು ನೆಲದಲ್ಲಿ ಸೂರ್ಯಶಕ್ತಿಯ ಉದ್ಯಾನವಾಗಿರುವುದು ಎಲ್ಲರಿಗೂ ತಿಳಿದ ಸಂಗತಿ. ೨೦೧೮ರಲ್ಲಿ ಅದರ ಮೊದಲ ಹಂತ ಆರಂಭವಾಯಿತು. ಅದರ ಸಾಮರ್ಥ್ಯ ಇಂದು ೨,೦೫೦ ಮೆಗಾವ್ಯಾಟ್. ಅಲ್ಲಿ ರೈತರು ಭೂಮಿಯನ್ನು ಮಾರಿದ್ದಲ್ಲ, ಗುತ್ತಿಗೆಗೆ ಕೊಟ್ಟದ್ದು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಮೊದಲ್ಗೊಂಡು ಎರಡು ವರ್ಷಕ್ಕೊಮ್ಮೆ ಶೇಕಡ ೫ರಂತೆ ಏರುವ ಗುತ್ತಿಗೆ. ತೀರಿಹೋದ ನಮ್ಮ ಅಣ್ಣನ ನಾಲ್ಕು ಎಕರೆ ಅದರಲ್ಲಿ ಸೇರಿದೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ, ಐದು ವರ್ಷದಲ್ಲಿ ಮೂರು ವರ್ಷ ಬೀಜವೂ ಬಾರದಿದ್ದ ನೆಲ ಅದು. ಈಗ ವರ್ಷಕ್ಕೊಮ್ಮೆ ಬರುವ ಆ ಹಣದ ಲೆಕ್ಕವನ್ನು ಅತ್ತಿಗೆಯವರ ಇಚ್ಛೆಯಂತೆ ನಾನು ನೋಡುತ್ತೇನೆ. ಅವರಿಗೆ ಬೇರೆ ಆದಾಯವಿಲ್ಲ.

ಅಣ್ಣನ ಮಗನು ಡಿಪ್ಲೊಮಾ ಓದಿ, ಬೆಂಗಳೂರಿನ ಗ್ಯಾರೇಜುಗಳಲ್ಲಿ ಎಂಟು ವರ್ಷ ದುಡಿದು, ಊರಿಗೆ ಹಿಂದಿರುಗಿ ಪಾವಗಡದಲ್ಲಿ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಸ್ಪರ್ಧೆಗಳಲ್ಲಿ ಕಾರು ಓಡಿಸುವ ಗೃಹಸ್ಥರೊಬ್ಬರು ಅವನ ಕೈಕೆಲಸವನ್ನು ಬಲ್ಲವರು. "ಒಂದು ಎಂಜಿನ್ನನ್ನು ನಿನ್ನ ಖರ್ಚಿನಲ್ಲಿ ಕಟ್ಟಿ ತೋರಿಸು. ನಿಂತರೆ ಅದನ್ನೂ ಕೊಳ್ಳುತ್ತೇನೆ, ಇನ್ನೆರಡನ್ನೂ ಕಟ್ಟಿಸುತ್ತೇನೆ" ಎಂದಿದ್ದಾರೆ. ಹಳೆಯ ೧೩೦೦ ಸಿಸಿಯ ಬ್ಲಾಕು ಒಂದು, ಅದೇ ಮನೆತನದ ಬೇರೊಂದು ಎಂಜಿನ್ನಿನ ಹೆಡ್ಡು ಒಂದು. ಎರಡನ್ನೂ ಕೂಡಿಸಿ, ಮೇಲೆ ಟರ್ಬೋ ಹಾಕಬೇಕು. ಹುಡುಗ ಕೇಳಿದ್ದು ಒಂದು ವರ್ಷದ ಗುತ್ತಿಗೆ ಹಣ. ಅತ್ತಿಗೆಯವರು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ, "ಹೋದರೆ ಹೋಗಲಿ ಅನ್ನುವಂಥ ಮನೆ ನಮ್ಮದಲ್ಲ. ಬೇಡ ಅಂದರೆ ಹುಡುಗ ಮತ್ತೆ ಬೆಂಗಳೂರಿಗೆ ಹೋಗುತ್ತಾನೆ. ನೀವೇ ನೋಡಿ ಹೇಳಿ" ಎಂದರು.

ನಾನು ಮೊದಲು ನೋಡಿದ್ದು ಎಂಜಿನ್ನನ್ನಲ್ಲ, ಕಾಯ್ದೆಯನ್ನು. ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಪ್ರಕರಣದಂತೆ, ತಯಾರಕರು ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಲು ಮಾಲೀಕನಿಗೆ ಸ್ವಾತಂತ್ರ್ಯವಿಲ್ಲ; ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಆದುದರಿಂದ, ಇರುಂಗಾಟ್ಟುಕೋಟೈ, ಕೊಯಮತ್ತೂರುಗಳಲ್ಲಿರುವಂತಹ ಮುಚ್ಚಿದ ಪಥಗಳ ಹೊರತು ಈ ಎಂಜಿನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಕೂಡದೆಂದು ಬರೆಸಿಕೊಂಡೆ. ಹುಡುಗ ನಕ್ಕನು, ಆದರೂ ಸಹಿ ಹಾಕಿದನು.

ಇಂತಹ ಕೂಡಿಕೆಯ ಎಂಜಿನ್ನನ್ನು ಅವರು ಹೈಬ್ರಿಡ್ ಎನ್ನುತ್ತಾರೆ. ಈ ಹೆಸರು ಇಂದು ಗೊಂದಲಕ್ಕೆ ಕಾರಣ. ೧೯೯೭ರಲ್ಲಿ ಜಪಾನಿನಲ್ಲಿ ಪ್ರಿಯಸ್ ಬಂದಂದಿನಿಂದ, ನಮ್ಮ ಬಿಡದಿಯಲ್ಲಿ ೨೦೨೨ರಿಂದ ತಯಾರಾಗುತ್ತಿರುವ ಇನ್ನೋವಾ ಹೈಕ್ರಾಸ್‌ವರೆಗೆ, ಪೆಟ್ರೋಲು ಮತ್ತು ವಿದ್ಯುತ್ತು ಎರಡರಿಂದಲೂ ಓಡುವ ಕಾರಿಗೆ ಆ ಹೆಸರು ರೂಢವಾಗಿದೆ. ಎಂಜಿನ್ ಕಟ್ಟುವವರ ಅರ್ಥ ಹಳೆಯದು, ರೈತರಿಗೆ ಹತ್ತಿರದ್ದು. ೧೯೭೨ರಲ್ಲಿ ಧಾರವಾಡದಲ್ಲಿ ಡಾ. ಕಟರ್ಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಹೈಬ್ರಿಡ್ ತಳಿಯನ್ನು ಬಿಡುಗಡೆ ಮಾಡಿದರಲ್ಲ, ಆ ಅರ್ಥ: ಒಂದರ ಇಳುವರಿ, ಇನ್ನೊಂದರ ಎಳೆ.

ಒಂದರ ಬ್ಲಾಕಿಗೆ ಹೊಸ ಹೆಡ್ಡು ಕೂಡಿಸುವುದು ಹುಡುಗರ ಹುಚ್ಚಾಟವೆಂದು ನಾನು ತಿಳಿದಿಲ್ಲ. ನಮ್ಮ ತಾಲೂಕಿನ ಕಚೇರಿಗಳ ಮುಂದೆ ದಶಕಗಳ ಕಾಲ ನಿಲ್ಲುತ್ತಿದ್ದ, ಮೂಗು ಎತ್ತರವಾದ ಮಹೀಂದ್ರ ಜೀಪನ್ನು ಹಿರಿಯರು ಮರೆತಿರಲಾರರು. ಆ ಮೂಗು ಎತ್ತರವಾದದ್ದಕ್ಕೆ ಕಾರಣ ಹೆಡ್ಡು. ಯುದ್ಧಕಾಲದ ವಿಲ್ಲೀಸ್ ಜೀಪಿನ ೨.೨ ಲೀಟರಿನ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನ ಪಕ್ಕದಲ್ಲಿದ್ದವು. ಹೆಡ್ಡೆಂಬುದು ಬರಿಯ ಮುಚ್ಚಳ. ಶಕ್ತಿ ೬೦ ಅಶ್ವಬಲ. ೧೯೫೦ರಲ್ಲಿ ಆ ಕಂಪನಿಯವರು ಅದೇ ಬ್ಲಾಕನ್ನು ಅಲ್ಪಸ್ವಲ್ಪ ತಿದ್ದಿ, ಗಾಳಿ ಒಳಸೇರುವ ವಾಲ್ವನ್ನು ಮಾತ್ರ ಹೆಡ್ಡಿಗೆ ಏರಿಸಿ, ಹೊಗೆ ಹೊರಹೋಗುವ ವಾಲ್ವನ್ನು ಇದ್ದಲ್ಲಿಯೇ ಬಿಟ್ಟರು. ಗಾತ್ರ ಅಷ್ಟೇ, ಶಕ್ತಿ ೭೨ಕ್ಕೆ ಏರಿತು. ಎಂಜಿನ್ನು ಎತ್ತರವಾದುದರಿಂದ ೧೯೫೩ರ ಮಾದರಿಯಲ್ಲಿ ಬಾನೆಟ್ಟನ್ನೇ ಎತ್ತಬೇಕಾಯಿತು. ಆ ಮಾದರಿಯೇ ನಮ್ಮ ದೇಶದಲ್ಲಿ ಬಹುಕಾಲ ತಯಾರಾದದ್ದು. ಕಾರ್ಖಾನೆಯವರೇ ಮಾಡಿದ ಕೆಲಸವನ್ನು ಪಾವಗಡದ ಹುಡುಗನೊಬ್ಬನು ಮಾಡಬಾರದೆಂದೇನೂ ಇಲ್ಲ. ಆದರೆ ಅವರಿಗಿದ್ದ ಅಳತೆಯ ಶಿಸ್ತು ಇವನಿಗೂ ಇರಬೇಕು.

ಈಗ ಆ ಮೂರು ಹೆಡ್ಡುಗಳು. ಮೊದಲನೆಯದು ಬ್ಲಾಕಿನ ಜೊತೆಗೇ ಬಂದದ್ದು. ಸಿಲಿಂಡರಿಗೆ ಎರಡರಂತೆ ಎಂಟು ವಾಲ್ವಿನದು. ಕೊಳ್ಳುವ ಖರ್ಚಿಲ್ಲ. ಎರಡನೆಯದು ಹದಿನಾರು ವಾಲ್ವಿನದು. ಬೆಂಗಳೂರಿನ ವ್ಯಾಪಾರಿಯೊಬ್ಬರ ಬಳಿ ಕನ್ನಡಿಯಂತೆ ಹೊಳೆಯುತ್ತಿದ್ದದ್ದು, ಬೆಲೆ ೨೨,೦೦೦ ರೂಪಾಯಿ. ಮೂರನೆಯದೂ ಹದಿನಾರು ವಾಲ್ವಿನದೇ; ಗುಜರಿಯಲ್ಲಿ ಮಸಿ, ಜಿಡ್ಡುಗಳಿಂದ ಕಪ್ಪಾಗಿ ಬಿದ್ದಿದ್ದದ್ದು, ೯,೦೦೦ ರೂಪಾಯಿ. ಹುಡುಗನ ಮನಸ್ಸು ಎರಡನೆಯದರ ಮೇಲೆ. ಅವನ ಗ್ಯಾರೇಜಿನಲ್ಲಿ ಆಗಾಗ ಬಂದು ಕೂರುವ, ಲಾರಿ ಎಂಜಿನ್ನುಗಳಲ್ಲಿ ತಲೆ ಬೆಳ್ಳಗಾದ ಮೇಸ್ತ್ರಿಯ ಮನಸ್ಸು ಮೊದಲನೆಯದರ ಮೇಲೆ. "ಎಂಟು ವಾಲ್ವಿನದು ಸಾಯೋದಿಲ್ಲ ಸ್ವಾಮೀ. ವಾಲ್ವು ವಾಲ್ವಿನ ನಡುವೆ ಮಾಂಸ ಇದೆ ನೋಡಿ" ಎಂದು ಬೆರಳಿಟ್ಟು ತೋರಿಸಿದನು. ಮಾತು ಸುಳ್ಳಲ್ಲ. ಹದಿನಾರು ವಾಲ್ವಿನ ಹೆಡ್ಡುಗಳಲ್ಲಿ ಎರಡು ರಂಧ್ರಗಳ ನಡುವಿನ ಲೋಹದ ಸೇತುವೆ ತೆಳ್ಳಗಿರುತ್ತದೆ. ಶಾಖ ಹೆಚ್ಚಾದಾಗ ಬಿರುಕು ಮೊದಲು ಕಾಣಿಸುವುದು ಅಲ್ಲಿಯೇ.

ಟರ್ಬೋ ಎಂದರೇನೆಂಬುದನ್ನು ಗೃಹಿಣಿಯರಿಗೂ ತಿಳಿಯುವಂತೆ ಹೇಳುವುದು ಕಷ್ಟವಲ್ಲ. ಕಮ್ಮಾರನ ಕುಲುಮೆಗೆ ತಿದಿ ಒತ್ತುವವನೊಬ್ಬ ಬೇಕು. ಆ ತಿದಿಯನ್ನು ಕುಲುಮೆಯ ಹೊಗೆಯೇ ಒತ್ತುವಂತಾದರೆ? ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರು ೧೯೦೫ರಲ್ಲಿ ಹಕ್ಕು ಪಡೆದದ್ದು ಈ ಯೋಚನೆಗೆ. ಹೊರಹೋಗುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಒತ್ತಡ ವಾಯುಮಂಡಲದ ಅರ್ಧದಷ್ಟು ಹೆಚ್ಚಿದರೆ ಗಾಳಿ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ, ಪೆಟ್ರೋಲೂ ಅಷ್ಟೇ, ಬೆಂಕಿಯೂ ಅಷ್ಟೇ.

ಇಲ್ಲಿಯೇ ನನಗೂ ಹುಡುಗನಿಗೂ ವಾದ ಬಿದ್ದದ್ದು. ಹದಿನಾರು ವಾಲ್ವುಗಳಿಂದ ಎಂಜಿನ್ನು ಹೆಚ್ಚು ಉಸಿರಾಡುತ್ತದೆ ಎಂಬುದು ಅವನ ಮುಖ್ಯ ಹೇತು. ಉಸಿರನ್ನು ಬಲಾತ್ಕಾರವಾಗಿ ತುಂಬಲು ಟರ್ಬೋ ಇರುವಾಗ ಉಸಿರಾಟ ಹೆಡ್ಡಿನ ಮೊದಲ ಕರ್ತವ್ಯವಾಗಿ ಉಳಿಯುವುದಿಲ್ಲ. ಶಾಖವನ್ನು ನೀರಿಗೆ ದಾಟಿಸುವುದು, ಬ್ಲಾಕಿನೊಡನೆ ಸಂದಿಲ್ಲದೆ ಕೂಡಿರುವುದು, ಅಕಾಲ ಸ್ಫೋಟಕ್ಕೆ ಎಡೆಗೊಡದಿರುವುದು: ಇವು ಮೊದಲು. ತರ್ಕಶಾಸ್ತ್ರ ಓದಿದವನಿಗೆ ಹೇತು ಎಲ್ಲಿ ಸಡಿಲವಾಗಿದೆಯೆಂಬುದು ಬೇಗನೆ ಕಾಣುತ್ತದೆ. ಕಬ್ಬಿಣದ ಜ್ಞಾನ ಬೇಕಿಲ್ಲ.

ಆದರೆ ಹೇತು ಸಡಿಲವಾದ ಮಾತ್ರಕ್ಕೆ ಪಕ್ಷವೇ ಬೀಳುವುದಿಲ್ಲ. ಅವನ ಆಯ್ಕೆಯನ್ನು ಸಮರ್ಥಿಸುವ ಬೇರೊಂದು ಕಾರಣ ಅವನ ಪುಸ್ತಕದಲ್ಲಿಯೇ ಇತ್ತು. ಆ ಎಂಟು ವಾಲ್ವಿನ ಹೆಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ಗು ಒಂದು ಪಕ್ಕದಲ್ಲಿದೆ. ಎಪ್ಪತ್ತೈದು ಮಿಲಿಮೀಟರು ಅಗಲದ ಸಿಲಿಂಡರಿನಲ್ಲಿ ಜ್ವಾಲೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಡೆಯಬೇಕು. ಅದು ತಲುಪುವ ಮೊದಲೇ ಆಚೆಯ ಮೂಲೆಯಲ್ಲಿ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿದ ಮಿಶ್ರಣ ತಾನೇ ಸಿಡಿದರೆ, ಅದೇ ನಾಕಿಂಗ್. ಸಾಧಾರಣ ಎಂಜಿನ್ನಿನಲ್ಲಿ ಅದು ಕಿವಿಗೆ ಹಿಂಸೆ. ಟರ್ಬೋ ಎಂಜಿನ್ನಿನಲ್ಲಿ ಪಿಸ್ಟನ್ನಿಗೇ ಮೃತ್ಯು. ಹದಿನಾರು ವಾಲ್ವಿನ ಹೆಡ್ಡಿನಲ್ಲಿ ನಾಲ್ಕು ವಾಲ್ವುಗಳ ನಟ್ಟನಡುವೆ ಪ್ಲಗ್ಗು. ಜ್ವಾಲೆಯ ದಾರಿ ಅರ್ಧಕ್ಕರ್ಧ. ರೈತನ ವಾಹನಕ್ಕಾಗಿದ್ದರೆ, ಟರ್ಬೋ ಇಲ್ಲದಿದ್ದರೆ, ಮೇಸ್ತ್ರಿಯ ಎಂಟು ವಾಲ್ವನ್ನೇ ಕಣ್ಣುಮುಚ್ಚಿ ಆರಿಸುತ್ತಿದ್ದೆ. ಈ ಕೆಲಸಕ್ಕೆ ಹದಿನಾರೇ ಸರಿ ಎಂದು ಒಪ್ಪಿದೆ. ಮೇಸ್ತ್ರಿ ಬೀಡಿ ಹಚ್ಚಿಕೊಂಡು ಎದ್ದುಹೋದನು, ಮರುದಿನ ಬಂದನು.

ಹದಿನಾರರಲ್ಲಿ ಯಾವುದು? ಹೊಳೆಯುವುದೋ, ಮಸಿಯದೋ? ವ್ಯಾಪಾರಿಗಳು ಎರಡನ್ನೂ ಒಂದು ವಾರ ನೋಡಲು ಕೊಟ್ಟರು. ಅದು ಅವರ ದೊಡ್ಡತನ. ನಾಗಲಮಡಿಕೆಯ ನಮ್ಮ ಮನೆಯ ಜಗುಲಿಯ ಮೇಲೆ ಎರಡನ್ನೂ ಇಟ್ಟು, ನನಗೆ ಬಲ್ಲ ಒಂದು ವಿದ್ಯೆಯನ್ನು ಪ್ರಯೋಗಿಸಿದೆ. ಶಾಸನಗಳ ಪಡಿಯಚ್ಚು ತೆಗೆಯುವುದನ್ನು ಯೌವನದಲ್ಲಿ ಕಲಿತಿದ್ದೆ. ತೆಳುಕಾಗದವನ್ನು ಬ್ಲಾಕಿನ ಮೇಲ್ಮುಖಕ್ಕೆ ಹಾಸಿ, ಕಾಡಿಗೆ ಹಚ್ಚಿದ ಬಟ್ಟೆಯುಂಡೆಯಿಂದ ತಟ್ಟಿದರೆ ಸಿಲಿಂಡರುಗಳ ಬಾಯಿ, ನೀರಿನ ಕಂಡಿಗಳು, ಎಣ್ಣೆಯ ರಂಧ್ರಗಳು ಎಲ್ಲ ಮೂಡುತ್ತವೆ. ಹೆಡ್ಡಿನ ಕೆಳಮುಖದಿಂದಲೂ ಹಾಗೆಯೇ. ಒಂದು ಎಚ್ಚರ ಬೇಕು: ಬ್ಲಾಕು ಮೇಲೆ ನೋಡುತ್ತದೆ, ಹೆಡ್ಡು ಕೆಳಗೆ ನೋಡುತ್ತದೆ, ಆದುದರಿಂದ ಒಂದು ಕಾಗದವನ್ನು ಮಗುಚಿ ಇನ್ನೊಂದರ ಮೇಲಿಟ್ಟು ಬೆಳಕಿಗೆ ಹಿಡಿಯಬೇಕು. ಬೋಲ್ಟಿನ ಹತ್ತು ರಂಧ್ರಗಳೂ ಕೂಡಿದವು. ನೀರಿನ ಕಂಡಿಗಳಲ್ಲಿ ಎರಡಕ್ಕೆ ಎದುರು ಕಂಡಿ ಇರಲಿಲ್ಲ. ಗ್ಯಾಸ್ಕೆಟ್ಟೇ ಅವನ್ನು ಮುಚ್ಚುತ್ತದೆ. ಎಣ್ಣೆ ಇಳಿಯುವ ರಂಧ್ರವೊಂದು ಅರ್ಧ ಹೊರಗೆ ಬಿದ್ದಿತ್ತು. ಅದನ್ನು ತುಂಬಿಸಿ ಬೇರೆ ಕಡೆ ಕೊರೆಯಬೇಕೆಂದು ಹುಡುಗ ಗುರುತು ಹಾಕಿಕೊಂಡನು. ಇಷ್ಟರಲ್ಲಿ ಎರಡು ಹೆಡ್ಡುಗಳೂ ಸಮ.

ಭೇದ ಕಂಡದ್ದು ದಹನದ ಗೂಡುಗಳನ್ನು ಅಳೆದಾಗ. ಹೆಡ್ಡನ್ನು ಮಗುಚಿಟ್ಟು, ಗೂಡಿನ ಬಾಯಿಗೆ ಗ್ರೀಸು ಸವರಿ, ಸಣ್ಣ ತೂತುಳ್ಳ ಪಾರದರ್ಶಕ ಹಲಗೆಯನ್ನು ಅಂಟಿಸಿ, ಔಷಧದಂಗಡಿಯ ಸಿರಿಂಜಿನಿಂದ ಸೀಮೆಎಣ್ಣೆ ತುಂಬಬೇಕು. ಹಿಡಿದಷ್ಟೇ ಅದರ ಪರಿಮಾಣ. ಸಿರಿಂಜು ಹುಡುಗನ ಕೈಯಲ್ಲಿ, ಲೆಕ್ಕದ ಪುಸ್ತಕ ನನ್ನ ಕೈಯಲ್ಲಿ. ಮಸಿಯ ಹೆಡ್ಡಿನ ನಾಲ್ಕು ಗೂಡುಗಳು ೨೯.೮, ೩೦, ೩೦.೧, ೨೯.೯ ಸಿಸಿ ಹಿಡಿದವು. ಹೊಳೆಯುವ ಹೆಡ್ಡಿನವು ೨೬.೮, ೨೭.೫, ೨೬.೨, ೨೮. ಅಂದರೆ ಅದನ್ನು ಒಂದೆರಡು ಬಾರಿಯಲ್ಲ, ಹಲವು ಬಾರಿ ಫೇಸಿಂಗ್ ಮಾಡಿ ತೆಳ್ಳಗೆ ಮಾಡಿದ್ದಾರೆ, ಅದೂ ಓರೆಯಾಗಿ. ಕಾದು ಬಾಗಿದ ಹೆಡ್ಡನ್ನು ಸಮಮಾಡಲು ಸವೆಸುವುದು ರೂಢಿ. ಹಾಗಾದರೆ ಅದು ಎಷ್ಟು ಬಾರಿ ಬಾಗಿತ್ತು?

ಮೂರು ಸಿಸಿ ಎಂದರೆ ಅರ್ಧ ಚಮಚ ಸೀಮೆಎಣ್ಣೆ. ಅದಕ್ಕೇನು ಮಹತ್ತ್ವ ಎನ್ನಬಹುದು. ಒಂದು ಸಿಲಿಂಡರು ಒಮ್ಮೆಗೆ ಸೆಳೆಯುವುದು ೩೨೫ ಸಿಸಿ. ಪಿಸ್ಟನ್ ಮೇಲೇರಿದಾಗ ಅದೆಲ್ಲ ಅಡಗಬೇಕಾದ ಜಾಗ, ಗೂಡಿನ ೩೦ ಸಿಸಿಗೆ ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ನಿನ ತಗ್ಗು ಸೇರಿ ೩೮ ಸಿಸಿ. ಸಂಕೋಚನದ ಪ್ರಮಾಣ ಒಂಬತ್ತೂವರೆಗೆ ಒಂದು. ಗೂಡು ೨೭ ಆದರೆ ಅದು ಹತ್ತೂಕಾಲನ್ನು ದಾಟುತ್ತದೆ. ಟರ್ಬೋಗೆ ಬೇಕಾದದ್ದು ಇದಕ್ಕೆ ವಿರುದ್ಧ. ಎಂಟೂವರೆಯ ಆಸುಪಾಸಿಗೆ ಇಳಿಯಬೇಕು, ಅಂದರೆ ಜಾಗ ೪೩ ಸಿಸಿಯಷ್ಟಾಗಬೇಕು. ಕೆಲವರು ಗ್ಯಾಸ್ಕೆಟ್ಟನ್ನು ಇಮ್ಮಡಿ ಮಾಡಿ ಜಾಗ ಹೆಚ್ಚಿಸುತ್ತಾರೆ. ಅದರಿಂದ ಪಿಸ್ಟನ್ ಅಂಚಿನಲ್ಲಿ ಮಿಶ್ರಣವನ್ನು ಹಿಂಡಿ ಕದಡುವ ಕಿರುಸಂದು ಕೆಟ್ಟು, ನಾಕಿಂಗ್ ಮತ್ತೆ ಹೆಚ್ಚುತ್ತದೆ. ತಲೆಯಲ್ಲಿ ತಗ್ಗುಳ್ಳ ಪಿಸ್ಟನ್ ಹಾಕಿಸುವುದೇ ಸರಿಯಾದ ಮಾರ್ಗ. ಮಸಿಯ ಹೆಡ್ಡಿಗೆ ಆ ಮಾರ್ಗ ಉಂಟು. ಹೊಳೆಯುವುದಕ್ಕೆ ನಾಲ್ಕು ಬಗೆಯ ತಗ್ಗುಗಳ ನಾಲ್ಕು ಪಿಸ್ಟನ್ ಬೇಕಾದೀತು!

ಗ್ರಂಥಸಂಪಾದನೆ ಮಾಡಿದವರಿಗೆ ಇದು ಪರಿಚಿತವಾದ ಸನ್ನಿವೇಶ. ಎರಡು ಪ್ರತಿಗಳು ಸಿಕ್ಕುತ್ತವೆ. ಒಂದು ಹುಳುತಿಂದು, ಮಸಿಹಿಡಿದು, ಅಂಚು ಮುರಿದದ್ದು. ಇನ್ನೊಂದು ಮುತ್ತಿನಂತಹ ಅಕ್ಷರದ್ದು. ಎಲ್ಲಿಯೂ ತೊಡಕಿಲ್ಲ, ಅರ್ಥವಾಗದ ಪದವೇ ಇಲ್ಲ. ಎಳೆಯರು ಎರಡನೆಯದನ್ನು ಕೈಗೆತ್ತಿಕೊಳ್ಳುತ್ತಾರೆ. ಲಿಪಿಕಾರನು ತನಗೆ ತಿಳಿಯದ ಕಡೆಯಲ್ಲೆಲ್ಲ ತಿದ್ದಿ ನಯಮಾಡಿರುವುದರಿಂದ ಅದು ಅಷ್ಟು ನಯವಾಗಿರುತ್ತದೆ. ನಮ್ಮ ಗುರುಗಳು ಆ ಪ್ರತಿಯನ್ನು ಪಕ್ಕಕ್ಕಿಟ್ಟು ಹುಳುತಿಂದದ್ದನ್ನು ಮೂಲವಾಗಿ ಹಿಡಿಯುತ್ತಿದ್ದರು. ಹುಡುಗನಿಗೆ ಇದನ್ನು ಹೇಳಿದಾಗ, "ಅದನ್ನು ಗೊತ್ತುಮಾಡೋಕೆ ನಿಮಗೆ ಸಿರಿಂಜು ಇರಲಿಲ್ಲ, ಅಲ್ವಾ ಚಿಕ್ಕಪ್ಪಾ?" ಎಂದನು. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಜಗಳಗಳು ತಪ್ಪುತ್ತಿದ್ದವು.

ಮಸಿಯ ಹೆಡ್ಡಿನ ಬಗ್ಗೆ ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ನನ್ನ ಮಟ್ಟಿಗೆ ಅದೇ ಮುಖ್ಯ. ನಮ್ಮ ಸೀಮೆಯ ಕೊಳವೆಬಾವಿಯ ನೀರು ಎಂಥದ್ದೆಂದು ನಮ್ಮ ಹಲ್ಲುಗಳೇ ಹೇಳುತ್ತವೆ. ಫ್ಲೋರೈಡಿನ ಮಾತು ಬೇರೆ. ಗಡಸುತನದ ಮಾತು ಬೇರೆ. ಬಚ್ಚಲ ಹಂಡೆಯ ಒಳಗೆ ಬೆರಳು ಉಜ್ಜಿ ನೋಡಿ. ವರ್ಷದೊಳಗೆ ಸುಣ್ಣದ ಬಿಳಿಯ ತೊಗಟೆ ಕಟ್ಟಿರುತ್ತದೆ. ಹೆಡ್ಡಿನೊಳಗಿನ ನೀರಿನ ದಾರಿಗಳೂ ಹಂಡೆಯೇ. ಆ ತೊಗಟೆ ಶಾಖವನ್ನು ನೀರಿಗೆ ದಾಟಗೊಡುವುದಿಲ್ಲ. ಲೋಹ ಒಳಗೊಳಗೇ ಕಾಯುತ್ತದೆ. ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ. ನಲವತ್ತು ಸೆಂಟಿಮೀಟರು ಉದ್ದದ ಹೆಡ್ಡು ಎಂಬತ್ತು ಡಿಗ್ರಿ ಕಾದರೆ ಸುಮಾರು ಮುಕ್ಕಾಲು ಮಿಲಿಮೀಟರು ಹಿಗ್ಗುತ್ತದೆ. ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ನಡುವೆ ಸಿಕ್ಕಿದ ಗ್ಯಾಸ್ಕೆಟ್ಟು ಪ್ರತಿ ಬಾರಿ ಈ ಎಳೆದಾಟವನ್ನು ಸಹಿಸಬೇಕು. ಬೇಸಗೆಯಲ್ಲಿ ನೆರಳೇ ನಲವತ್ತು ಡಿಗ್ರಿ ಮುಟ್ಟುವ ನಮ್ಮ ಕಡೆ ತೊಗಟೆ ಕಟ್ಟಿದ ಹೆಡ್ಡು ಟರ್ಬೋದ ಬೆಂಕಿಗೆ ಎಷ್ಟು ದಿನ ನಿಂತೀತು?

ಮೇಸ್ತ್ರಿ ಟಾರ್ಚು ಹಿಡಿದು ನೀರಿನ ಕಂಡಿಯೊಳಗೆ ಕಣ್ಣಿಟ್ಟನು. ಕಂದುಬಣ್ಣ ಅಂಟಿತ್ತು, ಸುಣ್ಣವಿರಲಿಲ್ಲ. ಗುಜರಿಯವರಿಗೆ ಫೋನು ಮಾಡಿ ವಿಚಾರಿಸಿದರೆ, ಆ ಕಾರಿನ ಬೋರ್ಡು ಕೆಎ ೧೮, ಚಿಕ್ಕಮಗಳೂರಿನದು. ಮಳೆನೀರಿನ, ಮೆದು ನೀರಿನ ನಾಡಿನ ಹೆಡ್ಡು! ಆಮೇಲೆ ತುಮಕೂರಿನಲ್ಲಿ ಅದನ್ನು ತೊಳೆಸಿ, ಕಂಡಿಗಳನ್ನು ಮುಚ್ಚಿ, ಒಳಗೆ ಗಾಳಿಯೊತ್ತಿ ಬಿಸಿನೀರಿನಲ್ಲಿ ಮುಳುಗಿಸಿದರು. ಗುಳ್ಳೆ ಏಳಲಿಲ್ಲ. ವಾಲ್ವುಗಳ ನಡುವಿನ ಸೇತುವೆಗಳಿಗೆ ಕೆಂಪು ಬಣ್ಣ ಇಳಿಸಿ, ಒರೆಸಿ, ಬಿಳಿಯ ಪುಡಿ ಹಾಕಿ ನೋಡಿದರು. ಬಿರುಕಿದ್ದರೆ ಕೆಂಪು ಗೆರೆ ಮೂಡಬೇಕು. ಮೂಡಲಿಲ್ಲ. ಉಕ್ಕಿನ ಪಟ್ಟಿಯಿಟ್ಟು ಅಳೆದಾಗ ಬಾಗು ೦.೦೪ ಮಿಲಿಮೀಟರು, ಮುಟ್ಟಬೇಕಾದ ಅಗತ್ಯವಿಲ್ಲವೆಂದರು.

ಅತ್ತಿಗೆಯವರ ಹಣದಲ್ಲಿ ಮೊದಲ ೯,೦೦೦ ರೂಪಾಯಿ ಅಂದು ಕೊಟ್ಟೆ. ಉಳಿದ ೧೩,೦೦೦ದಲ್ಲಿ ವಾಲ್ವಿನ ಸೀಟುಗಳ ಕೆಲಸ, ಹೊಸ ಗೈಡುಗಳು, ಒಳ್ಳೆಯ ಲೋಹದ ಗ್ಯಾಸ್ಕೆಟ್ಟು ಆದವು. ತಗ್ಗು ಪಿಸ್ಟನ್ನುಗಳು ಬಂದ ಮೇಲೆ ವಾಲ್ವು ಅವಕ್ಕೆ ತಗಲುವುದೋ ಎಂದು ನೋಡಲು ಪಿಸ್ಟನ್ ತಲೆಗೆ ಜೇಡಿಮಣ್ಣಿನ ಬಿಲ್ಲೆ ಮೆತ್ತಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿದರು. ಬಿಚ್ಚಿ ನೋಡಿದಾಗ ಅತಿ ತೆಳ್ಳಗಿನ ಕಡೆ ಮಣ್ಣು ಎರಡು ಮಿಲಿಮೀಟರು ಉಳಿದಿತ್ತು. ಮಣ್ಣು ಕುಂಬಾರರ ಮನೆಯಿಂದ ಅತ್ತಿಗೆಯವರೇ ತಂದುಕೊಟ್ಟದ್ದು. ಅದರ ಗತಿಯೇನಾಯಿತೆಂದು ಎರಡು ಬಾರಿ ಕೇಳಿದರು.

ಹೆಡ್ಡಿನ ಹತ್ತು ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಮೂರು ಆವರ್ತನಗಳಲ್ಲಿ, ಹುಡುಗ ಬಿಗಿದನು. ಮೇಸ್ತ್ರಿ ಎಣಿಸಿದನು. ರೇಡಿಯೇಟರಿಗೆ ಕೊಳವೆಬಾವಿಯ ನೀರು ಒಂದು ಹನಿಯೂ ಬೀಳಕೂಡದೆಂದು ಬಟ್ಟಿಯಿಳಿಸಿದ ನೀರಿನ ಕ್ಯಾನುಗಳನ್ನೂ ಕೂಲೆಂಟನ್ನೂ ತರಿಸಿದ್ದೇನೆ. ಎಂಜಿನ್ನು ಈಗ ಸ್ಟ್ಯಾಂಡಿನ ಮೇಲೆ ದಿನಕ್ಕೆ ಎರಡು ಗಂಟೆ ನಡೆಯುತ್ತಿದೆ. ಪ್ರತಿದಿನದ ನೀರಿನ ಮಟ್ಟ, ಎಣ್ಣೆಯ ಬಣ್ಣ, ಉಷ್ಣತೆಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆಸುತ್ತಿದ್ದೇನೆ. ನಲವತ್ತು ಗಂಟೆ ಮುಗಿಯುವವರೆಗೆ ಟರ್ಬೋವನ್ನು ಪೆಟ್ಟಿಗೆಯಿಂದ ತೆಗೆಯಕೂಡದೆಂಬುದು ನಮ್ಮೊಳಗಿನ ಒಪ್ಪಂದ. ನಿನ್ನೆಗೆ ಇಪ್ಪತ್ತಾರು ಗಂಟೆಯಾಯಿತು. ನೀರು ಇಳಿದಿಲ್ಲ.